ಜೀವಕೋಶಗಳ ಸಂಭಾಷಣೆಯೂ ಸ್ತನದ ಕ್ಯಾನ್ಸರಿನ ಪ್ರಸಾರವೂ

ನಮಗೆ ಬಹುಕಾಲದಿಂದ ಪರಿಚಿತವಾದ ಒಂದು ಮನೆಯಲ್ಲಿ, ಆ ಮನೆಯ ತಾಯಿಯವರಿಗೆ ಸ್ತನದಲ್ಲಿ ಗಂಟು ಕಾಣಿಸಿಕೊಂಡು, ಅದು ಕ್ಯಾನ್ಸರೆಂದು ನಿಶ್ಚಯವಾಗಿ, ಶಸ್ತ್ರಚಿಕಿತ್ಸೆಯಾಯಿತು. ಅವರು ಆಸ್ಪತ್ರೆಯಿಂದ ಮನೆಗೆ ಬಂದ ಕೆಲವು ದಿನಗಳ ಮೇಲೆ ನಾವು ನೋಡಿ ಬರಲು ಹೋಗಿದ್ದೆವು. ಅವರ ತಟ್ಟೆ ಲೋಟಗಳು ಅಡಿಗೆಮನೆಯ ಹೊರಗೆ ಒಂದು ಗೂಡಿನಲ್ಲಿ ಬೇರೆಯಾಗಿ ಇಡಲ್ಪಟ್ಟಿದ್ದುವು. ಮೂರು ವರ್ಷದ ಮೊಮ್ಮಗಳು ಬಾಗಿಲ ಬಳಿಯಲ್ಲಿ ನಿಂತು ಅಜ್ಜಿಯನ್ನು ನೋಡುತ್ತಿತ್ತೇ ಹೊರತು ಒಳಗೆ ಬರುತ್ತಿರಲಿಲ್ಲ. ಬರಲು ಅದಕ್ಕೆ ಅಪ್ಪಣೆಯಿರಲಿಲ್ಲ. ಕಾರಣವನ್ನು ಕೇಳಲಾಗಿ, "ಇದು ಹರಡುವ ಜಾತಿಯದೆಂದು ಡಾಕ್ಟರೇ ಹೇಳಿದರು" ಎಂದು ಮನೆಯವರು ಉತ್ತರವಿತ್ತರು. ಆ ತಾಯಿಯವರೂ ಇದಕ್ಕೆ ಒಪ್ಪಿಕೊಂಡಂತೆಯೇ ಇದ್ದರು. "ಮಗು ಹತ್ತಿರ ಬಾರದಿರುವುದೇ ಒಳ್ಳೆಯದಲ್ಲವೇ, ಅಮ್ಮಾವರೇ? ಓದಿದವರು, ನೀವೇ ಹೇಳಿ" ಎಂದು ನಮ್ಮನ್ನು ಕೇಳಿದರು.

ಒಂದು ಮಾತನ್ನು ತಪ್ಪಾಗಿ ತಿಳಿದುದರಿಂದ ಒಂದು ಮನೆಯೇ ಎರಡಾಗಿತ್ತು. ಸ್ತನದ ಕ್ಯಾನ್ಸರು ಮುಟ್ಟುವುದರಿಂದಾಗಲಿ, ಒಂದೇ ಪಾತ್ರೆಯಲ್ಲಿ ಉಣ್ಣುವುದರಿಂದಾಗಲಿ, ಒಂದೇ ಹಾಸಿಗೆಯಲ್ಲಿ ಮಲಗುವುದರಿಂದಾಗಲಿ ಒಬ್ಬರಿಂದ ಇನ್ನೊಬ್ಬರಿಗೆ ಅಂಟುವ ವ್ಯಾಧಿಯಲ್ಲ. ವೈದ್ಯರು "ಹರಡುವುದು" ಎಂದಾಗ ಅವರ ಅಭಿಪ್ರಾಯವೇನೆಂದರೆ, ಒಂದೇ ಶರೀರದೊಳಗೆ ಹುಟ್ಟಿದೆಡೆಯನ್ನು ಬಿಟ್ಟು ಬೇರೆ ಅವಯವಗಳಿಗೆ ಹೋಗಿ ಅಲ್ಲಿ ಬೇರೂರುವುದು ಎಂದು. ಈ ಒಳಪ್ರಸಾರವೇ ಭಯಂಕರವಾದುದು. ಲೋಕದಲ್ಲಿ ೨೦೨೨ನೆಯ ವರ್ಷವೊಂದರಲ್ಲಿಯೇ ಸುಮಾರು ೨೩ ಲಕ್ಷ ಸ್ತ್ರೀಯರಲ್ಲಿ ಈ ರೋಗವು ಹೊಸದಾಗಿ ಗೊತ್ತಾಯಿತು. ಸುಮಾರು ೬ ಲಕ್ಷ ೭೦ ಸಾವಿರ ಮಂದಿ ಇದರಿಂದ ಮೃತರಾದರು. ಇವರಲ್ಲಿ ಬಹುಮಂದಿಯನ್ನು ಕೊಂದುದು ಸ್ತನದಲ್ಲಿದ್ದ ಗಂಟಲ್ಲ. ಅದರಿಂದ ಹೊರಟು ಎಲುಬು, ಶ್ವಾಸಕೋಶ, ಯಕೃತ್ತು, ಮಿದುಳುಗಳನ್ನು ಸೇರಿದ ಅದರ ಸಂತತಿ.

ಈ ಸಂತತಿಯು ಹೇಗೆ ಹೊರಡುವುದು? ಹೊರಟುದು ಎಲ್ಲಿ ತಂಗುವುದೆಂಬುದನ್ನು ಯಾರು ಗೊತ್ತುಮಾಡುವರು? ಹಿಂದೆ ಎಲ್ಲರೂ ಕ್ಯಾನ್ಸರಿನ ಜೀವಕೋಶವನ್ನು ತನ್ನ ಬಲದಿಂದಲೇ ಗೋಡೆಯೊಡೆದು ಹೋಗುವ ಒಂಟಿ ಕಳ್ಳನಂತೆ ಭಾವಿಸಿದ್ದರು. ಈಚಿನ ಶೋಧನೆಗಳಿಂದ ತೋರಿಬಂದಿರುವುದು ಬೇರೆಯೇ ಆಗಿದೆ. ಒಂಟಿಯಾದ ಕ್ಯಾನ್ಸರ್ ಕೋಶವು ಬಹಳ ಮಟ್ಟಿಗೆ ನಿಸ್ಸಹಾಯವಾದ ವಸ್ತು. ಅದು ನೆರೆಹೊರೆಯ ಕೋಶಗಳೊಡನೆ ಮಾತನಾಡಿ, ಅವುಗಳನ್ನು ಪುಸಲಾಯಿಸಿ, ಅವುಗಳಿಂದ ದಾರಿಯನ್ನೂ ಆಹಾರವನ್ನೂ ಆಶ್ರಯವನ್ನೂ ಪಡೆದಲ್ಲದೆ ಮುಂದೆ ಹೋಗಲಾರದು. ಈ ಸಂಭಾಷಣೆಯ ವಿಚಾರವಾಗಿ ನಾವು ತಿಳಿದಷ್ಟನ್ನು ನಮ್ಮ ವಿದ್ಯಾರ್ಥಿನಿಯರ ಮುಂದೆ ಇಡಬೇಕೆಂದಿದ್ದೇವೆ.

ಕೋಶಗಳಿಗೆ ಬಾಯಿಲ್ಲ, ಕಿವಿಯಿಲ್ಲ. ಆದರೂ ಅವು ಮಾತನಾಡುವುವೆಂಬುದು ಅಲಂಕಾರದ ಮಾತಲ್ಲ. ಒಂದು ಕೋಶವು ಒಂದು ರಾಸಾಯನಿಕ ವಸ್ತುವನ್ನು ಹೊರಕ್ಕೆ ಬಿಡುವುದು. ಇನ್ನೊಂದು ಕೋಶದ ಮೈಮೇಲೆ, ಇಲ್ಲವೆ ಅದರ ಒಳಗೆ, ಆ ವಸ್ತುವಿಗೆ ಮಾತ್ರವೇ ಸರಿಹೊಂದುವ ಒಂದು ಗ್ರಾಹಕವಿರುವುದು. ಬೀಗಕ್ಕೆ ಅದರದೇ ಬೀಗದ ಕೈ ಕೂಡಿದಂತೆ ಇವೆರಡೂ ಕೂಡಿದೊಡನೆ ಎರಡನೆಯ ಕೋಶದ ನಡತೆ ಬದಲಾಗುವುದು. ಓಲೆಯು ಎಲ್ಲರ ಮನೆಯ ಮುಂದೆ ಹಾದುಹೋದರೂ ಅದನ್ನು ಓದಬಲ್ಲವರು ಗ್ರಾಹಕವುಳ್ಳವರು ಮಾತ್ರ. ಕೆಲವು ಓಲೆಗಳು ರಕ್ತದ ಮೂಲಕ ದೂರ ಪ್ರಯಾಣ ಮಾಡುವುವು, ಇವನ್ನೇ ಹಾರ್ಮೋನುಗಳೆನ್ನುವರು. ಕೆಲವು ಪಕ್ಕದ ಮನೆಯವರೆಗೆ ಮಾತ್ರ ಹೋಗುವುವು. ಕೆಲವು ಸಲ ಎರಡು ಕೋಶಗಳು ಒಂದನ್ನೊಂದು ಮುಟ್ಟಿಕೊಂಡೇ ಸಮಾಚಾರವನ್ನು ತಿಳಿಯುವುವು. ಇನ್ನು ಕೆಲವು ಸಲ ನಡುವಣ ಗೋಡೆಯಲ್ಲಿ ಸಣ್ಣ ಕಿಂಡಿಗಳನ್ನೇ ಇಟ್ಟುಕೊಂಡು, ಅದರೊಳಗಿನಿಂದ ಕೊಟ್ಟು ತೆಗೆದುಕೊಳ್ಳುವುವು.

ಸ್ತನವೆಂಬುದು ಇಂತಹ ಸಂದೇಶಗಳಿಂದಲೇ ಕಟ್ಟಲ್ಪಟ್ಟ ಅವಯವ. ಶರೀರದ ಇತರ ಅವಯವಗಳು ಬಹುಮಟ್ಟಿಗೆ ಹುಟ್ಟುವಾಗಲೇ ರೂಪುಗೊಂಡಿರುವುವು; ಇದಾದರೋ ಹುಡುಗಿಯು ಪ್ರಾಯಕ್ಕೆ ಬರುವ ಕಾಲದಲ್ಲಿ, ಅಂಡಾಶಯದಿಂದ ಈಸ್ಟ್ರೊಜೆನ್ ಎಂಬ ಹಾರ್ಮೋನು ಹೊರಟು ಬಂದ ಮೇಲೆಯೇ ಕೊಂಬೆ ಕೊಂಬೆಯಾಗಿ ಕವಲೊಡೆದು ಬೆಳೆಯತೊಡಗುವುದು. ಇಲ್ಲಿ ಒಂದು ವಿಶೇಷವುಂಟು. ಆ ಸಂದೇಶವನ್ನು ಓದಬಲ್ಲ ಗ್ರಾಹಕವು ಎಲ್ಲ ಕೋಶಗಳಲ್ಲಿಯೂ ಇರುವುದಿಲ್ಲ. ಗ್ರಾಹಕವುಳ್ಳ ಕೆಲವು ಕೋಶಗಳು ಅದನ್ನು ಓದಿ, ತಾವು ಬೇರೆ ಓಲೆಗಳನ್ನು ಬರೆದು ನೆರೆಯವುಗಳಿಗೆ ಕಳುಹಿಸುವುವು. ಅವನ್ನು ಪಡೆದ ನೆರೆಯವು ಬೆಳೆಯುವುವು. ತಾಯಿಯಾದ ಮೇಲೆ ಎಳೆಗೂಸು ಹಾಲು ಕುಡಿಯತೊಡಗಿದ ಕೂಡಲೇ ಮಿದುಳಿನ ಬುಡದಲ್ಲಿರುವ ಪಿಟ್ಯೂಟರಿ ಗ್ರಂಥಿಯಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ಬಂದು, ಹಾಲಿನ ಗ್ರಂಥಿಗಳನ್ನು ಸುತ್ತಿಕೊಂಡಿರುವ ಕೋಶಗಳನ್ನು ಸಂಕೋಚಗೊಳಿಸುವುದು, ಹಾಲಿಳಿಯುವುದು. ಕೂಸು ಅಳುವ ಸದ್ದನ್ನು ಕೇಳಿದ ಮಾತ್ರಕ್ಕೆ ತಾಯಿಗೆ ಹಾಲು ಬರುವುದನ್ನು ನಮ್ಮ ಅಜ್ಜಿಯರೆಲ್ಲರೂ ಬಲ್ಲರು. ಮಗುವು ಹಾಲು ಬಿಟ್ಟ ಬಳಿಕ ಹಾಲನ್ನು ತಯಾರಿಸುತ್ತಿದ್ದ ಅಸಂಖ್ಯಾತ ಕೋಶಗಳಿಗೆ ಇನ್ನು ಸಾಯಬಹುದೆಂಬ ಸಂದೇಶ ಬರುವುದು. ಅವು ಸದ್ದಿಲ್ಲದೆ ಸಾಯುವುವು. ಬೆಳೆ, ನಿಲ್ಲು, ಸಾಯಿ ಎಂಬ ಈ ಆಜ್ಞೆಗಳು ಕ್ರಮವಾಗಿ ನಡೆಯುವವರೆಗೆ ಸ್ತನವು ಆರೋಗ್ಯವಾಗಿರುವುದು.

ಈ ಸಂದೇಶಗಳಿಗೂ ಕ್ಯಾನ್ಸರಿಗೂ ಸಂಬಂಧವುಂಟೆಂದು ಮೊದಲು ಪ್ರತ್ಯಕ್ಷ ತೋರಿಸಿದವರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದ ಶಸ್ತ್ರವೈದ್ಯರಾದ ಜಾರ್ಜ್ ಬೀಟ್ಸನ್ ಎಂಬವರು ಮುಖ್ಯರು. ಕೆಲವು ದೇಶಗಳ ರೈತರು ಕರುಹಾಕಿದ ಹಸುವಿನ ಅಂಡಾಶಯವನ್ನು ತೆಗೆದು, ಅದು ಹೆಚ್ಚು ಕಾಲ ಹಾಲು ಕೊಡುವಂತೆ ಮಾಡುವರೆಂಬುದನ್ನು ಅವರು ಕೇಳಿದ್ದರು. ಎಲ್ಲಿಯ ಅಂಡಾಶಯ, ಎಲ್ಲಿಯ ಕೆಚ್ಚಲು! ಇವೆರಡರ ನಡುವೆ ಇಂತಹ ಸಂಬಂಧವಿರುವುದಾದರೆ ಸ್ತನದ ಕ್ಯಾನ್ಸರಿಗೂ ಅಂಡಾಶಯದ ಆಜ್ಞೆ ಬೇಕಾಗಿರಬಹುದೆಂದು ಅವರು ಊಹಿಸಿದರು. ರೋಗವು ಮಿತಿಮೀರಿ, ಬೇರೆ ಉಪಾಯವಿಲ್ಲದೆ ಇದ್ದ ೩೩ ವರ್ಷದ ಸ್ತ್ರೀಯೊಬ್ಬಳ ಅಂಡಾಶಯಗಳನ್ನು ೧೮೯೫ರಲ್ಲಿ ತೆಗೆದರು. ಕೆಲವು ತಿಂಗಳುಗಳಲ್ಲಿ ಅವಳ ಗೆಡ್ಡೆಗಳು ಕರಗಿಹೋದುವು. ಮರುವರ್ಷ ಅವರು ಇದನ್ನು ಪ್ರಕಟಿಸಿದಾಗ ಹಾರ್ಮೋನೆಂಬ ಹೆಸರೇ ಇನ್ನೂ ಹುಟ್ಟಿರಲಿಲ್ಲ. ಆ ಸ್ತ್ರೀಯು ಕಡೆಗೆ ಆ ರೋಗದಿಂದಲೇ ತೀರಿಕೊಂಡರೂ, ಓಲೆಯು ನಿಂತುಹೋದರೆ ಕ್ಯಾನ್ಸರು ಸೊರಗುವುದೆಂಬುದು ಅವಳ ದೇಹದಲ್ಲಿ ಸಿದ್ಧವಾಯಿತು.

ಇನ್ನು ಗಂಟಿನ ಬಳಿಗೆ ಬರೋಣ. ಸ್ತನದ ಕ್ಯಾನ್ಸರು ಸಾಮಾನ್ಯವಾಗಿ ಹಾಲಿನ ನಾಳಗಳ ಒಳಮೈಯನ್ನು ಹೊದಿಸಿರುವ ಕೋಶಗಳಲ್ಲಿ ಹುಟ್ಟುವುದು. ಆರೋಗ್ಯವಾದ ನಾಳದಲ್ಲಿ ಈ ಕೋಶಗಳು ಪಂಕ್ತಿಯಲ್ಲಿ ಕುಳಿತವರಂತೆ ಒಂದನ್ನೊಂದು ಒತ್ತಿಕೊಂಡು, ಒಂದು ತೆಳುವಾದ ತಳಪೊರೆಯ ಮೇಲೆ ನಿಂತಿರುವುವು. ಇವನ್ನು ಜೋಡಿಸಿ ಹಿಡಿದಿರುವ ಪ್ರೋಟೀನುಗಳಲ್ಲಿ ಮುಖ್ಯವಾದುದಕ್ಕೆ ಕ್ಯಾಡ್ಹೆರಿನ್ ಎಂದು ಹೆಸರು. ಇದು ಬರಿಯ ಅಂಟಲ್ಲ. "ನಿನ್ನ ಪಕ್ಕದಲ್ಲಿ ನಾನಿದ್ದೇನೆ, ಸ್ಥಳವಿಲ್ಲ, ಬೆಳೆಯಬೇಡ" ಎಂದು ಒಂದು ಕೋಶವು ಇನ್ನೊಂದಕ್ಕೆ ಹೇಳುವ ಮಾತೂ ಇದರ ಮೂಲಕವೇ ನಡೆಯುವುದು. ಸ್ತನದ ಕ್ಯಾನ್ಸರುಗಳ ಒಂದು ಜಾತಿಯಲ್ಲಿ ಈ ಪ್ರೋಟೀನು ಇಲ್ಲವಾಗಿ, ಕೋಶಗಳು ಒಂದರ ಹಿಂದೆ ಒಂದರಂತೆ ಇರುವೆಯ ಸಾಲಾಗಿ ಮಾಂಸದೊಳಕ್ಕೆ ನುಸುಳಿಹೋಗುವುದು ಸೂಕ್ಷ್ಮದರ್ಶಕದಲ್ಲಿ ಕಾಣುವುದು.

ನೆರೆಯವರೊಡನೆ ಇದ್ದ ಕಿಂಡಿಗಳೂ ಹೀಗೆಯೇ ಮುಚ್ಚಿಹೋಗಬಹುದು. ೧೯೬೬ರಲ್ಲಿ ಲೋವೆನ್‌ಸ್ಟೈನ್ ಮತ್ತು ಕನ್ನೋ ಎಂಬ ಇಬ್ಬರು ವಿಜ್ಞಾನಿಗಳು ಯಕೃತ್ತಿನ ಕೋಶಗಳನ್ನು ಪರೀಕ್ಷಿಸಿದರು. ಆರೋಗ್ಯವಾದ ಕೋಶಗಳಲ್ಲಿ ಒಂದರೊಳಕ್ಕೆ ವಿದ್ಯುತ್ತನ್ನು ಹಾಯಿಸಿದರೆ ಅದು ಸುಲಭವಾಗಿ ಪಕ್ಕದ ಕೋಶಕ್ಕೆ ಹೋಗುತ್ತಿತ್ತು. ಕ್ಯಾನ್ಸರಿನ ಕೋಶಗಳಲ್ಲಿ ಹಾಗೆ ಹೋಗಲಿಲ್ಲ. ಆದುದರಿಂದ ಕ್ಯಾನ್ಸರೆಂದರೆ ಮೌನವೆಂದೂ, ಮಾತುಬಿಟ್ಟ ಕೋಶವೇ ದುಷ್ಟವಾಗುವುದೆಂದೂ ಕೆಲವು ಕಾಲ ಎಣಿಸಿದ್ದರು. ಇದು ಅರ್ಧಸತ್ಯ. ಮುಂದೆ ಕಾಣುವಂತೆ, ಕ್ಯಾನ್ಸರ್ ಕೋಶವು ತನ್ನ ಸ್ವಂತ ಬಂಧುಗಳೊಡನೆ ಮಾತು ಬಿಟ್ಟು, ಅನ್ಯರೊಡನೆ ಬಾಯ್ತುಂಬ ಮಾತನಾಡುವ ಸ್ವಭಾವದ್ದು.

ಈ ಸ್ಥಳದಲ್ಲಿ ಮೀನಾ ಬಿಸ್ಸೆಲ್ ಎಂಬ ವಿದುಷಿಯ ಕೆಲಸವನ್ನು ಹೇಳದೆ ಮುಂದುವರಿಯಲು ಮನಸ್ಸಾಗದು. ಇರಾಣದ ತೆಹರಾನಿನಲ್ಲಿ ಹುಟ್ಟಿ ಅಮೆರಿಕೆಗೆ ಹೋಗಿ ವಿದ್ಯಾಭ್ಯಾಸ ಮಾಡಿದ ಈಕೆಯು, ಕೋಶದ ನಡತೆಯು ಅದರೊಳಗಿನ ವಂಶಗುಣದಿಂದ ಮಾತ್ರ ನಿಶ್ಚಯವಾಗುವುದಿಲ್ಲ, ಸುತ್ತಣ ಪರಿಸರದಿಂದಲೂ ನಿಶ್ಚಯವಾಗುವುದೆಂದು ಬಹುಕಾಲ ಒಬ್ಬಂಟಿಯಾಗಿ ವಾದಿಸಿದರು. ೧೯೯೭ರಲ್ಲಿ ಈಕೆಯೂ ಸಹೋದ್ಯೋಗಿಗಳೂ ಮನುಷ್ಯಸ್ತನದ ಕ್ಯಾನ್ಸರ್ ಕೋಶಗಳನ್ನು ತಳಪೊರೆಯಂತಹ ಒಂದು ಲೋಳೆಯಲ್ಲಿ ಬೆಳೆಸಿ, ಆ ಕೋಶಗಳಿಗೂ ಪೊರೆಗೂ ನಡುವೆ ಸಮಾಚಾರವನ್ನು ಒಯ್ಯುವ ಒಂದು ಗ್ರಾಹಕವನ್ನು ಮದ್ದಿನಿಂದ ಕಟ್ಟಿದರು. ಅಸ್ತವ್ಯಸ್ತವಾಗಿ ಗುಪ್ಪೆಗೂಡುತ್ತಿದ್ದ ಕೋಶಗಳು ಹಿಂದಿನಂತೆ ಸುವ್ಯವಸ್ಥಿತವಾದ ಸಣ್ಣ ಉಂಡೆಗಳಾಗಿ ನಿಂತುವು. ಅವುಗಳ ವಂಶಗುಣದ ದೋಷವು ಹಾಗೆಯೇ ಇತ್ತು; ಬದಲಾದುದು ಅವು ಕೇಳುತ್ತಿದ್ದ ಮಾತು ಮಾತ್ರ.

ತಳಪೊರೆಯು ಹರಿಯದಿರುವವರೆಗೆ ಕ್ಯಾನ್ಸರು ನಾಳದೊಳಗಿನ ಸೆರೆಯಾಳು. ಪೊರೆಯನ್ನು ದಾಟಿದ ಮೇಲೆ ಅದಕ್ಕೆ ರಕ್ತನಾಳದ ದಾರಿ ಬೇಕು. ಈ ದಾರಿಯನ್ನು ತೋರಿಸುವವರು ಯಾರೆಂದು ಬಲ್ಲಿರಾ? ನಮ್ಮ ಕಾವಲುಗಾರರೇ! ಶರೀರದಲ್ಲಿ ಕಸವನ್ನೂ ರೋಗಾಣುಗಳನ್ನೂ ನುಂಗಿ ಹಾಕುವ ಭಕ್ಷಕ ಕೋಶಗಳೆಂಬುವುಂಟು. ಇವಕ್ಕೆ ಮ್ಯಾಕ್ರೊಫೇಜುಗಳೆಂದು ಹೆಸರು. ಗಾಯವಾದಲ್ಲಿ ಇವು ಓಡಿಬಂದು, ಕೊಳೆಯನ್ನು ತೆಗೆದು, ಹೊಸ ರಕ್ತನಾಳಗಳು ಬೆಳೆಯುವಂತೆ ಮಾಡಿ, ಗಾಯವನ್ನು ಮಾಯಿಸುವುವು. ಕ್ಯಾನ್ಸರ್ ಕೋಶಗಳು ಇವನ್ನು ಕರೆಯುವ ಒಂದು ವಸ್ತುವನ್ನು ಬಿಡುವುವು. ಕರೆಯನ್ನು ಕೇಳಿ ಬಂದ ಭಕ್ಷಕ ಕೋಶವು ಗಾಯವಾಗಿದೆಯೆಂದೇ ಭ್ರಮಿಸಿತೋ ಎಂಬಂತೆ, ಬೆಳೆವಣಿಗೆಯನ್ನು ಪ್ರೇರಿಸುವ ಇನ್ನೊಂದು ವಸ್ತುವನ್ನು ಬಿಡುವುದು. ಅದು ಕ್ಯಾನ್ಸರ್ ಕೋಶವನ್ನು ಎಬ್ಬಿಸಿ ನಡೆಯಿಸುವುದು. ಎದ್ದ ಕೋಶವು ಪುನಃ ಕರೆಯುವುದು. ಹೀಗೆ ಇವೆರಡೂ ಕೈಕೈ ಹಿಡಿದವರಂತೆ ರಕ್ತನಾಳದವರೆಗೆ ಹೋಗುವುವು. ನ್ಯೂಯಾರ್ಕಿನಲ್ಲಿ ಕಾಂಡೀಲಿಸ್, ಪೊಲಾರ್ಡ್ ಎಂಬವರ ತಂಡದವರು ಈ ಎರಡು ಓಲೆಗಳ ಪರಸ್ಪರ ವಿನಿಮಯವನ್ನು ೨೦೦೪ರಲ್ಲಿ ಪ್ರಕಟಿಸಿದರು. ಬದುಕಿರುವ ಇಲಿಗಳ ಗೆಡ್ಡೆಯನ್ನೇ ಸೂಕ್ಷ್ಮದರ್ಶಕದಿಂದ ನೋಡಿ, ಕ್ಯಾನ್ಸರ್ ಕೋಶಗಳು ರಕ್ತನಾಳವನ್ನು ಹೊಕ್ಕುವ ಎಡೆಯಲ್ಲಿ ಭಕ್ಷಕ ಕೋಶಗಳು ನಿಂತಿರುವುದನ್ನೂ ಕಂಡರು. ಎರಡು ಓಲೆಗಳಲ್ಲಿ ಯಾವುದೊಂದನ್ನು ತಡೆದರೂ ಇಬ್ಬರ ನಡಿಗೆಯೂ ನಿಲ್ಲುತ್ತಿತ್ತು.

ಮೇಲೆ ಹೇಳಿದ, ಬೆಳೆವಣಿಗೆಯನ್ನು ಪ್ರೇರಿಸುವ ವಸ್ತುವನ್ನು ಕಂಡುಹಿಡಿದ ಸ್ಟ್ಯಾನ್ಲಿ ಕೋಹೆನ್ ಎಂಬವರಿಗೆ ೧೯೮೬ರಲ್ಲಿ ನೊಬೆಲ್ ಬಹುಮಾನ ಬಂದಿತು. ಅದನ್ನು ಅವರೊಡನೆ ಹಂಚಿಕೊಂಡ ರೀಟಾ ಲೆವಿ-ಮೊಂಟಾಲ್ಚೀನಿ ಎಂಬ ಇಟಲಿಯ ಮಹಿಳೆಯು, ಯಹೂದ್ಯಳೆಂಬ ಕಾರಣದಿಂದ ವಿದ್ಯಾಲಯದಿಂದ ಹೊರಗೆ ಹಾಕಲ್ಪಟ್ಟಾಗ, ಯುದ್ಧದ ಕಾಲದಲ್ಲಿ ಟ್ಯೂರಿನ್ ನಗರದ ತನ್ನ ಮಲಗುವ ಕೋಣೆಯಲ್ಲಿಯೇ ಪ್ರಯೋಗಶಾಲೆಯನ್ನು ಮಾಡಿಕೊಂಡು ಕೋಳಿಮೊಟ್ಟೆಗಳ ಮೇಲೆ ಶೋಧನೆ ನಡೆಸಿದವರು. ಕೋಶಗಳು ಓಲೆಗಳಿಂದ ಬೆಳೆಯುವುವೆಂಬ ಜ್ಞಾನಕ್ಕೆ ಆ ಕೋಣೆಯೂ ಒಂದು ತೌರುಮನೆ.

ಇನ್ನೊಂದು ಪ್ರಯೋಗವು ನಮಗೆ ಅತ್ಯಂತ ಆಶ್ಚರ್ಯಕರವೆಂದು ತೋರಿದೆ. ಅಸ್ಥಿಮಜ್ಜೆಯಲ್ಲಿ ಎಲುಬು, ಕೊಬ್ಬು ಮೊದಲಾದುವುಗಳಾಗಬಲ್ಲ ಕೆಲವು ಮೂಲಕೋಶಗಳುಂಟು. ಇವು ಗೆಡ್ಡೆಗಳ ಬಳಿಗೂ ಬಂದು ಸೇರುವುವು. ಅಷ್ಟಾಗಿ ಹರಡುವ ಸ್ವಭಾವವಿಲ್ಲದ ಸ್ತನಕ್ಯಾನ್ಸರಿನ ಕೋಶಗಳೊಡನೆ ಇವನ್ನು ಬೆರೆಸಿ ಇಲಿಗಳ ಮೈಯಲ್ಲಿಟ್ಟಾಗ, ಆ ಕ್ಯಾನ್ಸರು ಶ್ವಾಸಕೋಶಕ್ಕೆ ಬಹಳವಾಗಿ ಹರಡಿತು. ಕ್ಯಾನ್ಸರಿನ ಸಹವಾಸದಿಂದ ಮೂಲಕೋಶಗಳು ಒಂದು ವಸ್ತುವನ್ನು ಬಿಡತೊಡಗಿ, ಆ ವಸ್ತುವೇ ಕ್ಯಾನ್ಸರನ್ನು ಹೊರಡಿಸಿತೆಂದು ೨೦೦೭ರಲ್ಲಿ ಅಮೆರಿಕೆಯ ರಾಬರ್ಟ್ ವೈನ್‌ಬರ್ಗ್ ಎಂಬವರ ಪ್ರಯೋಗಶಾಲೆಯವರು ಪ್ರಕಟಿಸಿದರು. ಆಶ್ಚರ್ಯವು ಇದಲ್ಲ. ಶ್ವಾಸಕೋಶಕ್ಕೆ ಹರಡಿದ್ದ ಅದೇ ಕ್ಯಾನ್ಸರ್ ಕೋಶಗಳನ್ನು ಹೊರತೆಗೆದು, ಮೂಲಕೋಶಗಳ ಸಹವಾಸವಿಲ್ಲದೆ ಬೇರೆ ಇಲಿಗಳಲ್ಲಿಟ್ಟರೆ, ಅವು ಮೊದಲಿನಂತೆಯೇ ಸುಮ್ಮನಿದ್ದುವು! ಹರಡುವ ಗುಣವು ಅವುಗಳಿಗೆ ಹುಟ್ಟಿನಿಂದ ಬಂದುದಾಗಿರಲಿಲ್ಲ. ಕಲಿಸಿಕೊಟ್ಟ ಮಾತಾಗಿತ್ತು, ಕಲಿಸುವವರು ಹೋದ ಮೇಲೆ ಮರೆತುಹೋಯಿತು.

ರಕ್ತವನ್ನು ಸೇರಿದ ಕೋಶಗಳ ಪಾಡು ಸುಲಭವಲ್ಲ. ಪ್ರವಾಹದ ರಭಸ ಒಂದು ಕಡೆ, ಬಿಳಿಯ ರಕ್ತಕಣಗಳ ಹೊಡೆತ ಒಂದು ಕಡೆ. ಅವುಗಳಲ್ಲಿ ಅತ್ಯಲ್ಪ ಭಾಗ ಮಾತ್ರ ಬದುಕಿ ಉಳಿಯುವುದು. ಹೀಗೆ ಉಳಿಯುವುವು ಹೆಚ್ಚಾಗಿ ಒಂಟಿ ಪ್ರಯಾಣಿಕರಲ್ಲ, ಗುಂಪುಗೂಡಿ ಹೋಗುವಂಥವು. ಬಾಸ್ಟನ್ ನಗರದ ಶೋಧಕರು ೨೦೧೪ರಲ್ಲಿ ತೋರಿಸಿದಂತೆ, ಒಂದನ್ನೊಂದು ಹಿಡಿದುಕೊಂಡ ಕೆಲವೇ ಕೋಶಗಳ ಗೊಂಚಲುಗಳು ರಕ್ತದಲ್ಲಿ ಅಪೂರ್ವವಾಗಿದ್ದರೂ, ಒಂಟಿ ಕೋಶಕ್ಕಿಂತ ೨೩ರಿಂದ ೫೦ ಪಾಲಿನಷ್ಟು ಹೆಚ್ಚಾಗಿ ಬೇರೂರುವ ಶಕ್ತಿಯುಳ್ಳವು. ತಮ್ಮ ನಾಳದಲ್ಲಿ ಪಂಕ್ತಿಯನ್ನು ಮುರಿದ ಇವೇ ಕೋಶಗಳು ಪರಸ್ಥಳದಲ್ಲಿ ಒಂದನ್ನೊಂದು ಬಿಡದೆ ಅಂಟಿಕೊಳ್ಳುವುದು ವಿಚಿತ್ರವಲ್ಲವೇ?

ಹೊರಟ ಪ್ರಯಾಣಿಕರು ಎಲ್ಲಿ ಇಳಿಯುವರೆಂಬ ಪ್ರಶ್ನೆಯು ಹಳೆಯದು. ಲಂಡನ್ನಿನ ಶಸ್ತ್ರವೈದ್ಯರಾದ ಸ್ಟೀಫನ್ ಪ್ಯಾಜೆಟ್ ಎಂಬವರು ೧೮೮೯ರಲ್ಲಿ, ಸ್ತನದ ಕ್ಯಾನ್ಸರಿನಿಂದ ಮೃತರಾದ ೭೩೫ ಮಂದಿಯ ವೃತ್ತಾಂತಗಳನ್ನು ಕೂಡಿಸಿ ಪರಿಶೀಲಿಸಿದರು. ರಕ್ತವು ಎಲ್ಲ ಕಡೆಗೂ ಹರಿಯುವುದಾದುದರಿಂದ ರೋಗವು ಎಲ್ಲ ಅವಯವಗಳಿಗೂ ಸಮನಾಗಿ ಹೋಗಬೇಕಾಗಿತ್ತು. ಹಾಗೆ ಹೋಗಿರಲಿಲ್ಲ. ಯಕೃತ್ತಿನಲ್ಲಿ ಅದು ಮೇಲಿಂದ ಮೇಲೆ ಕಂಡುಬಂದಿತು. ಯಥೇಚ್ಛವಾಗಿ ರಕ್ತವನ್ನು ಪಡೆಯುವ ಪ್ಲೀಹದಲ್ಲಿ ಅತ್ಯಪೂರ್ವವಾಗಿತ್ತು. ಗಿಡವು ಬೀಜವನ್ನು ಎಲ್ಲ ದಿಕ್ಕಿಗೂ ಚೆಲ್ಲಿದರೂ, ಅದು ಮೊಳೆಯುವುದು ಹದವಾದ ನೆಲದಲ್ಲಿ ಮಾತ್ರ ಎಂದು ಪ್ಯಾಜೆಟ್ಟರು ತೀರ್ಮಾನಿಸಿದರು. ಒಕ್ಕಲುತನದ ನಾಡಿನವರಾದ ನಮಗೆ ಇದನ್ನು ವಿವರಿಸಬೇಕಾದುದಿಲ್ಲ. ಮುಂದೆ ಜೇಮ್ಸ್ ಯೂಯಿಂಗ್ ಎಂಬ ಪ್ರಸಿದ್ಧ ವಿದ್ವಾಂಸರು, ಎಲ್ಲವೂ ರಕ್ತದ ಹರಿವಿನ ಮೇಲೆಯೇ ನಿಂತಿದೆಯೆಂದು ವಾದಿಸಿದುದರಿಂದ ಪ್ಯಾಜೆಟ್ಟರ ಮಾತು ಬಹುಕಾಲ ಮೂಲೆಗೆ ಬಿದ್ದಿತ್ತು.

ನೆಲವೆಂದರೇನೆಂಬುದಕ್ಕೆ ಒಂದು ಉತ್ತರವು ೨೦೦೧ರಲ್ಲಿ ಬಂದಿತು. ಶ್ವಾಸಕೋಶ, ಯಕೃತ್ತು, ಅಸ್ಥಿಮಜ್ಜೆ, ದುಗ್ಧರಸಗ್ರಂಥಿಗಳು ಒಂದು ಬಗೆಯ ಸಂದೇಶವಸ್ತುವನ್ನು ಬಿಡುತ್ತಿರುವುವು. ಬಿಳಿಯ ರಕ್ತಕಣಗಳು ಆ ವಾಸನೆಯನ್ನು ಹಿಡಿದು ಅಲ್ಲಿಗೆ ಹೋಗುವುದು ಸಹಜಕ್ರಮ. ಸ್ತನಕ್ಯಾನ್ಸರಿನ ಕೋಶಗಳು ಇದೇ ವಸ್ತುವಿನ ಗ್ರಾಹಕವನ್ನು ತಮ್ಮ ಮೈಮೇಲೆ ವಿಶೇಷವಾಗಿ ಬೆಳೆಸಿಕೊಂಡಿರುವುವೆಂದೂ, ಆ ಗ್ರಾಹಕವನ್ನು ಮುಚ್ಚಿದರೆ ಇಲಿಗಳಲ್ಲಿ ಅವು ಶ್ವಾಸಕೋಶಕ್ಕೂ ದುಗ್ಧರಸಗ್ರಂಥಿಗಳಿಗೂ ಹೋಗುವುದು ಕಡಮೆಯಾಗುವುದೆಂದೂ ತಿಳಿದುಬಂದಿತು. ಪರರ ವಿಳಾಸಕ್ಕೆ ಬರೆದ ಓಲೆಯನ್ನು ಇವು ಒಡೆದು ಓದಿಕೊಳ್ಳುವುವು.

ಬೀಜವು ನೆಲವನ್ನು ಹುಡುಕಿಕೊಂಡು ಹೋಗುವುದಷ್ಟೇ ಅಲ್ಲ; ತಾನು ಹೋಗುವ ಮೊದಲೇ ಆಳುಗಳನ್ನು ಕಳುಹಿಸಿ ನೆಲವನ್ನು ಉತ್ತಿಡುವುದೂ ಉಂಟು. ಕೆನಡಾದ ರೋಸ್ ಜಾನ್‌ಸ್ಟೋನ್ ಎಂಬ ವಿಜ್ಞಾನಿಯು ಕುರಿಯ ಎಳೆಯ ರಕ್ತಕಣಗಳನ್ನು ಪರೀಕ್ಷಿಸುತ್ತಿದ್ದಾಗ, ಅವು ಅತಿಸೂಕ್ಷ್ಮವಾದ ಚೀಲಗಳನ್ನು ಹೊರಕ್ಕೆ ಎಸೆಯುವುದನ್ನು ಕಂಡು, ೧೯೮೭ರಲ್ಲಿ ಅವಕ್ಕೆ ಎಕ್ಸೊಸೋಮ್ ಎಂದು ಹೆಸರಿಟ್ಟರು. ಇವು ಕೂದಲೆಳೆಯ ದಪ್ಪದ ಸುಮಾರು ಸಾವಿರದಲ್ಲೊಂದು ಪಾಲು. ಕೋಶವು ಕಸವನ್ನು ಗುಡಿಸಿ ಹೊರಕ್ಕೆ ಚೆಲ್ಲುವುದೆಂದೇ ಆಗ ಭಾವಿಸಿದರು. ಕಸದಬುಟ್ಟಿಯೆಂದು ತಿಳಿದುದು ಅಂಚೆಯ ಚೀಲವಾಗಿತ್ತು! ಪ್ರೋಟೀನುಗಳೂ, ಕೋಶದ ಆಜ್ಞಾಪತ್ರಗಳ ತುಣುಕುಗಳೂ ಅದರಲ್ಲಿ ತುಂಬಿರುವುವು. ೨೦೧೫ರಲ್ಲಿ ಡೇವಿಡ್ ಲೈಡನ್ ಎಂಬವರೂ ಸಂಗಡಿಗರೂ, ಈ ಚೀಲಗಳ ಹೊರಮೈಯಲ್ಲಿ ಅಂಟಿರುವ ಇಂಟಿಗ್ರಿನ್ ಎಂಬ ಪ್ರೋಟೀನುಗಳೇ ವಿಳಾಸದ ಚೀಟಿಯೆಂದು ತೋರಿಸಿದರು: ಒಂದು ಬಗೆಯದು ಇದ್ದರೆ ಚೀಲವು ಶ್ವಾಸಕೋಶಕ್ಕೂ, ಇನ್ನೊಂದು ಬಗೆಯದು ಇದ್ದರೆ ಯಕೃತ್ತಿಗೂ ಹೋಗಿ, ಅಲ್ಲಿನ ಕೋಶಗಳನ್ನು ಬರಲಿರುವ ಅತಿಥಿಗಾಗಿ ಅಣಿಗೊಳಿಸುವುದು. ಸ್ತನಕ್ಯಾನ್ಸರಿನ ಚೀಲಗಳಲ್ಲಿರುವ ಒಂದು ತುಣುಕು, ರಕ್ತನಾಳದ ಕೋಶಗಳನ್ನು ಬಿಗಿದಿರುವ ಹೊಲಿಗೆಯನ್ನೇ ಬಿಚ್ಚುವುದೆಂದು ಅದರ ಹಿಂದಿನ ವರ್ಷ ಬೇರೊಂದು ತಂಡದವರು ಕಂಡಿದ್ದರು.

ಎಲುಬಿನಲ್ಲಿ ನಡೆಯುವ ಸಂಭಾಷಣೆಯು ಎಲ್ಲಕ್ಕಿಂತ ಚೆನ್ನಾಗಿ ತಿಳಿದುಬಂದಿದೆ. ಎಲುಬು ಕಲ್ಲಿನಂತೆ ಜಡವಾದುದೆಂದು ತೋರಿದರೂ, ಅದರಲ್ಲಿ ಕೆಡಹುವ ಕೋಶಗಳು ಕೆಲವು, ಕಟ್ಟುವ ಕೋಶಗಳು ಕೆಲವು ಸದಾ ಕೆಲಸ ಮಾಡುತ್ತಿರುವುವು. ಕಟ್ಟುವವರು ಹೇಳಿದಷ್ಟನ್ನೇ ಕೆಡಹುವವರು ಕೆಡಹುವರು. ಅದಕ್ಕೂ ಒಂದು ಓಲೆಯುಂಟು. ಅಲ್ಲಿಗೆ ಬಂದ ಸ್ತನಕ್ಯಾನ್ಸರಿನ ಕೋಶವು ತಾನಾಗಿ ಎಲುಬನ್ನು ಕೊರೆಯಲಾರದು. ಅದು ಪ್ಯಾರಾಥೈರಾಯ್ಡ್ ಹಾರ್ಮೋನನ್ನು ಹೋಲುವ ಒಂದು ಪ್ರೋಟೀನನ್ನು ಬಿಡುವುದು. ಇದನ್ನು ಪಡೆದ ಕಟ್ಟುವ ಕೋಶಗಳು, ಕೆಡಹುವ ಕೋಶಗಳಿಗೆ "ಇನ್ನೂ ಕೆಡಹಿರಿ" ಎಂದು ಓಲೆ ಕಳುಹಿಸುವುವು. ಎಲುಬು ಕರಗಿದಂತೆ ಅದರಲ್ಲಿ ಹುದುಗಿದ್ದ ಬೆಳೆವಣಿಗೆಯ ವಸ್ತುಗಳು ಹೊರಬಂದು ಕ್ಯಾನ್ಸರಿಗೆ ಗೊಬ್ಬರವಾಗುವುವು. ಕೊಬ್ಬಿದ ಕ್ಯಾನ್ಸರು ಪುನಃ ಆ ಪ್ರೋಟೀನನ್ನು ಬಿಡುವುದು. ಗಾಣದ ಎತ್ತಿನಂತೆ ಸುತ್ತುವ ಈ ಚಕ್ರವನ್ನು ಗ್ರೆಗರಿ ಮಂಡಿ, ಥೆರೇಸಾ ಗೈಸ್ ಮೊದಲಾದವರು ವಿಶದಪಡಿಸಿದರು. ರೋಗಿಯು ಇದನ್ನು ಬೆನ್ನಿನ ನೋವೆಂದೋ, ಸ್ವಲ್ಪ ಎಡವಿದುದಕ್ಕೆ ಮುರಿದ ತೊಡೆಯೆಂದೋ ಅರಿಯುವಳು. "ಕೆಡಹಿರಿ" ಎಂಬ ಓಲೆಯನ್ನು ನಡುದಾರಿಯಲ್ಲಿ ಹಿಡಿದುಹಾಕುವ ಡೆನೋಸುಮಾಬ್ ಎಂಬ ಮದ್ದು ೨೦೧೦ರಿಂದ ಈ ರೋಗಿಗಳಿಗೆ ದೊರಕುತ್ತಿದೆ. ಇದರಿಂದ ರೋಗವು ನಿರ್ಮೂಲವಾಗುವುದಿಲ್ಲ. ಆದರೆ ಎಲುಬು ಮುರಿಯುವುದು ತಡವಾಗುವುದು, ಎದ್ದು ನಡೆಯುವ ದಿನಗಳು ಹೆಚ್ಚುವುವು.

ಮಿದುಳಿನಲ್ಲಿಯೂ ಇಂತಹುದೇ ಒಂದು ಒಪ್ಪಂದವುಂಟು. ನರಕೋಶಗಳನ್ನು ಪೋಷಿಸುವ ನಕ್ಷತ್ರಾಕಾರದ ಕೋಶಗಳೊಡನೆ ಕ್ಯಾನ್ಸರ್ ಕೋಶಗಳು ಕಿಂಡಿಗಳನ್ನು ತೆರೆದುಕೊಂಡು, ಅವುಗಳಿಂದ ತಮ್ಮ ರಕ್ಷಣೆಗೆ ಬೇಕಾದ ವಸ್ತುಗಳನ್ನು ಬರಿಸಿಕೊಳ್ಳುವುವೆಂದು ೨೦೧೬ರಲ್ಲಿ ತಿಳಿಯಿತು. ತೌರಿನಲ್ಲಿ ಮುಚ್ಚಿದ ಕಿಂಡಿಯನ್ನು ಪರದೇಶದಲ್ಲಿ ತೆರೆದಂತಾಯಿತು.

ನಮ್ಮ ದೇಶದಲ್ಲಿ ಸ್ತನದ ಕ್ಯಾನ್ಸರನ್ನು ಪ್ರಯೋಗಶಾಲೆಯಲ್ಲಿ ಮೊದಲಾಗಿ ಅಭ್ಯಾಸ ಮಾಡಿದವರಲ್ಲಿ ಮುಂಬಯಿಯ ಡಾಕ್ಟರ್ ಕಮಲ್ ರಣದಿವೆಯವರು ಒಬ್ಬರು. ಕೋಶಗಳನ್ನು ದೇಹದ ಹೊರಗೆ ಬೆಳೆಸಿ ಪರೀಕ್ಷಿಸುವ ಪದ್ಧತಿಗೆ ಇಲ್ಲಿ ತಳಹದಿ ಹಾಕಿದವರು ಅವರೇ. ಇಂದು ಭಾರತದ ಸ್ತ್ರೀಯರಲ್ಲಿ ಎಲ್ಲ ಕ್ಯಾನ್ಸರುಗಳಿಗಿಂತ ಹೆಚ್ಚಾಗಿ ಕಾಣುವುದು ಸ್ತನದ ಕ್ಯಾನ್ಸರೇ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಂತಹ ಸ್ಥಳಗಳಿಗೆ ಬರುವವರಲ್ಲಿ ಎಷ್ಟೋ ಮಂದಿ ಗಂಟನ್ನು ತಿಂಗಳುಗಟ್ಟಲೆ ಮರೆಮಾಡಿಕೊಂಡಿದ್ದವರು. ಮೊದಮೊದಲು ಗಂಟು ಸಾಮಾನ್ಯವಾಗಿ ನೋಯದಿರುವುದು ಇದಕ್ಕೆ ಒಂದು ಕಾರಣ, ಸಂಕೋಚವು ಇನ್ನೊಂದು, ಸೂಜಿ ಚುಚ್ಚಿ ಪರೀಕ್ಷಿಸಿದರೆ ರೋಗವು ಹರಡುವುದೆಂಬ ಸುಳ್ಳು ಭಯವು ಮತ್ತೊಂದು. ಸ್ತನದಲ್ಲಿ ಕಾಣುವ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರಲ್ಲವೇ ಅಲ್ಲ. ಅದು ಯಾವುದೆಂಬುದನ್ನು ತಿಳಿಸುವುದು ಸೂಜಿಯ ಪರೀಕ್ಷೆಯೇ. ಮೇಲೆ ಇಷ್ಟು ಹೊತ್ತು ಹೇಳಿದ ದಾರಿಯೆಲ್ಲವನ್ನೂ ನಡೆಯಲು ರೋಗಕ್ಕೆ ಕಾಲ ಬೇಕು, ಆ ಕಾಲವನ್ನು ಕೊಡುವವರು ನಾವೇ ಎಂಬುದು ಮನಸ್ಸಿಗೆ ನೋವನ್ನುಂಟುಮಾಡುವುದು.

ಓಲೆಗಳನ್ನು ತಡೆಯುವ ಚಿಕಿತ್ಸೆಗಳು ಹೊಸ ಕನಸಲ್ಲ. ಟಾಮೋಕ್ಸಿಫೆನ್ ಎಂಬ ಮ���ತ್ರೆಯು ಈಸ್ಟ್ರೊಜೆನ್ ಕೂಡಬೇಕಾದ ಗ್ರಾಹಕದಲ್ಲಿ ತಾನೇ ಹೋಗಿ ಕುಳಿತುಬಿಡುವುದು. ೧೯೯೮ರಲ್ಲಿ ಅಮೆರಿಕೆಯಲ್ಲಿ ಅಂಗೀಕೃತವಾದ ಟ್ರಾಸ್ಟುಜುಮಾಬ್ ಎಂಬುದು ಇನ್ನೊಂದು ಗ್ರಾಹಕವನ್ನು ಕಟ್ಟುವುದು. ಇವೆರಡೂ ಅನೇಕರ ಪ್ರಾಣವನ್ನು ಉಳಿಸಿವೆ. ಆದರೆ ಇಲಿಯಲ್ಲಿ ಗೆದ್ದುದೆಲ್ಲವೂ ಮನುಷ್ಯರಲ್ಲಿ ಗೆಲ್ಲುವುದೆಂದು ನಂಬಬಾರದು. ಭಕ್ಷಕ ಕೋಶಗಳ ಓಲೆಯನ್ನಾಗಲಿ, ಎಕ್ಸೊಸೋಮಿನ ಅಂಚೆಯನ್ನಾಗಲಿ ತಡೆದು ಸ್ತನಕ್ಯಾನ್ಸರಿನ ಪ್ರಸಾರವನ್ನು ನಿಲ್ಲಿಸುವ ಮದ್ದು ಇನ್ನೂ ಚಿಕಿತ್ಸೆಯ ಪದ್ಧತಿಯಾಗಿ ಬಂದಿಲ್ಲ. ರಕ್ತದಲ್ಲಿ ಹೋಗುವ ಗೊಂಚಲುಗಳನ್ನು ಬಿಡಿಸಲು, ಹೃದಯರೋಗಕ್ಕೆ ಬಹುಕಾಲದಿಂದ ಕೊಡುತ್ತಿರುವ ಡಿಗಾಕ್ಸಿನ್ ಎಂಬ ಗಿಡಮೂಲದ ಮದ್ದನ್ನು ಸ್ವಿಟ್ಜರ್ಲೆಂಡಿನ ವೈದ್ಯರು ಒಂಬತ್ತು ಮಂದಿ ರೋಗಿಗಳಲ್ಲಿ ಪರೀಕ್ಷಿಸಿ, ಗೊಂಚಲುಗಳು ಸ್ವಲ್ಪ ಚಿಕ್ಕದಾದುವೆಂದು ೨೦೨೫ರಲ್ಲಿ ವರದಿ ಮಾಡಿದರು. ಒಂಬತ್ತು ಮಂದಿಯೆಂದರೆ ಆರಂಭ ಮಾತ್ರ.

ಆ ಮನೆಗೆ ನಾವು ಪುನಃ ಹೋದಾಗ ಒಂದು ವರ್ಷ ಕಳೆದಿತ್ತು. ಗೂಡು ಬರಿದಾಗಿತ್ತು; ಅವರ ಲೋಟವು ಒಳಗೆ ಎಲ್ಲರ ಲೋಟಗಳೊಡನೆ ಬೋರಲಾಗಿತ್ತು. ಮೊಮ್ಮಗಳು ಅಜ್ಜಿಯ ತೊಡೆಯ ಮೇಲೆ ನಿದ್ದೆಹೋಗಿತ್ತು. ಗಂಟು ಹೋಗಿ ಗಾಯವೂ ಮಾಯ್ದಿರುವಾಗ, ಇನ್ನೂ ವರ್ಷಗಟ್ಟಲೆ ಪ್ರತಿದಿನವೂ ಮಾತ್ರೆಯನ್ನು ನುಂಗುವುದೇತಕ್ಕೆಂದು ಆ ತಾಯಿಯವರು ಕೇಳಿದರು. ಸ್ತನದಿಂದ ಮೊದಲೇ ಹೊರಟ ಕೆಲವು ಕೋಶಗಳು ಅಸ್ಥಿಮಜ್ಜೆಯಂತಹ ಸ್ಥಳಗಳಲ್ಲಿ ನಿದ್ದೆಮಾಡುತ್ತಿರಬಹುದೆಂದೂ, ಸುಮ್ಮನಿರುವ ರಕ್ತನಾಳದ ಕೋಶಗಳು ಅವನ್ನು ಮಲಗಿಸಿಡುವುವೆಂದೂ, ಹೊಸದಾಗಿ ಚಿಗುರುವ ನಾಳಗಳು ಬೇರೊಂದು ಮಾತನ್ನು ಹೇಳಿ ಎಬ್ಬಿಸುವುವೆಂದೂ ೨೦೧೩ರಲ್ಲಿ ಇಲಿಗಳಲ್ಲಿ ಕಂಡುದನ್ನು ನಾವು ಹೇಳಿದೆವು. ಟಾಮೋಕ್ಸಿಫೆನನ್ನು ಐದು ವರ್ಷಕ್ಕೆ ಬದಲಾಗಿ ಹತ್ತು ವರ್ಷ ತೆಗೆದುಕೊಂಡವರಲ್ಲಿ ರೋಗವು ಮರಳುವುದು ಇನ್ನೂ ಕಡಮೆಯೆಂದು ಅದೇ ವರ್ಷ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರ ಸಂಗತಿಯನ್ನೂ ತಿಳಿಸಿದೆವು. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಇದು ಅವುಗಳ ಕಿವಿಗೆ ಅರಳೆ ಇಟ್ಟಂತೆ" ಎಂದರು. ಅನಂತರ ಮಗುವು ಏಳದಂತೆ ಮೆಲ್ಲನೆ ಕೈ ಚಾಚಿ, ಮಾತ್ರೆಯ ಡಬ್ಬಿಯನ್ನೂ ನೀರಿನ ಲೋಟವನ್ನೂ ಹತ್ತಿರಕ್ಕೆ ಎಳೆದುಕೊಂಡರು.